ತೇಪೆಗಳ ಕೌದಿಗೆ ಮೂವರ ಒಪ್ಪಿಗೆ

1994ರ ನಡುವಿನಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್ ಕೇಂದ್ರದಲ್ಲಿದ್ದ ರಾಬ್ ಮೆಕೂಲ್ ಎಂಬ ತರುಣ ಪ್ರೋಗ್ರಾಮರ್ ಅಲ್ಲಿನ ಕೆಲಸ ಬಿಟ್ಟರು. ಕ್ಯಾಲಿಫೋರ್ನಿಯದಲ್ಲಿ ಆಗಷ್ಟೇ ಹುಟ್ಟಿಕೊಂಡಿದ್ದ, ಮುಂದೆ ನೆಟ್‌ಸ್ಕೇಪ್ ಎಂದು ಹೆಸರಾದ ಕಂಪೆನಿಯನ್ನು ಸೇರಿಕೊಂಡರು. ಹುಡುಗರು ಕೆಲಸ ಬದಲಿಸುವುದು ದೊಡ್ಡ ಸುದ್ದಿಯೇನಲ್ಲ. ಆದರೆ ಮೆಕೂಲ್ ಬರೆದಿದ್ದ ತಂತ್ರಾಂಶವೊಂದು ಆ ಹೊತ್ತಿಗೆ ಜಗತ್ತಿನ ಅತಿ ಹೆಚ್ಚು ಜಾಲತಾಣಗಳನ್ನು ನಡೆಸುತ್ತಿತ್ತು. ಅವರು ಹೊರಟದ್ದೇ ಅದಕ್ಕೆ ದಿಕ್ಕಿಲ್ಲದಂತಾಯಿತು. ದೋಷಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಲೇ ಇದ್ದವು, ಅವನ್ನು ತಿದ್ದಿ ಹೊಸ ಆವೃತ್ತಿ ಹೊರತರುವ ಕೆಲಸ ಮಾತ್ರ ನಿಂತುಹೋಯಿತು.

ಜಾಲತಾಣ ‘ನಡೆಸುವುದು’ ಎಂದರೇನು? ಇದಕ್ಕೆ ಹೋಟೆಲಿನ ಹೋಲಿಕೆ ಚೆನ್ನಾಗಿ ಒಪ್ಪುತ್ತದೆ. ಗಿರಾಕಿ ಬಂದು ಕೂತು ‘ಎರಡು ಇಡ್ಲಿ, ಒಂದು ಕಾಫಿ’ ಎನ್ನುತ್ತಾನೆ. ಮಾಣಿ ಒಳಗೆ ಹೋಗಿ, ಇದ್ದರೆ ತಂದಿಡುತ್ತಾನೆ, ಮುಗಿದಿದ್ದರೆ ಇಲ್ಲ ಎಂದು ಹೇಳುತ್ತಾನೆ. ಮನೆಯ ಕಂಪ್ಯೂಟರಿನಲ್ಲಿ ಕೂತು ಒಂದು ಜಾಲತಾಣದ ವಿಳಾಸ ಒತ್ತಿದವರು ಇಲ್ಲಿ ಗಿರಾಕಿಗಳು. ಎಲ್ಲೋ ದೂರದ ಯಂತ್ರದಲ್ಲಿ ಕಾದಿದ್ದು, ಕೇಳಿದ ಪುಟವನ್ನು ಹುಡುಕಿ ತಂದುಕೊಡುವ ತಂತ್ರಾಂಶವೇ ಮಾಣಿ. ಇಂಗ್ಲಿಷಿನಲ್ಲಿ ಅದನ್ನು ಕರೆಯುವುದೂ ಬಡಿಸುವವ ಎಂಬ ಅರ್ಥದ ‘ಸರ್ವರ್’ ಎಂದೇ. ಈ ಮಾಣಿಗೆ ಇನ್ನೂ ಒಂದು ಹೊಣೆ ಇದೆ. ಗಿರಾಕಿ ಏನನ್ನು ಬೇಕಾದರೂ ಕೇಳಬಹುದು, ಆದರೆ ಅಡುಗೆಮನೆಯ ಬಾಗಿಲು ದಾಟಿ ಒಳಗೆ ನುಗ್ಗುವಂತಿಲ್ಲ. ಗಲ್ಲಾಪೆಟ್ಟಿಗೆ, ಉಗ್ರಾಣ, ಯಜಮಾನರ ಕಾಗದಪತ್ರ ಇವೆಲ್ಲ ಅದೇ ಕಟ್ಟಡದಲ್ಲೇ ಇರುತ್ತವಲ್ಲ!

ಮೆಕೂಲ್ ಅವರ ತಂತ್ರಾಂಶದ ವಿಶೇಷವೆಂದರೆ ಅದರ ಮೂಲ ಬರಹ ಯಾರಿಗೆ ಬೇಕಾದರೂ ಸಿಗುತ್ತಿತ್ತು. ಕಂಪೆನಿಗಳು ಮಾರುವ ತಂತ್ರಾಂಶಗಳಲ್ಲಿ ಮಾಡಿದ ಅಡುಗೆ ಮಾತ್ರ ದೊರೆಯುತ್ತದೆ, ಮಾಡುವ ಕ್ರಮ ಗುಟ್ಟಾಗಿರುತ್ತದೆ. ಇಲ್ಲಿ ಮಾಡುವ ಕ್ರಮವನ್ನೇ ಬರೆದು ಕೊಟ್ಟಿದ್ದರು. ಹಾಗಾಗಿ ಬರೆದವರು ಹೊರಟುಹೋದರೂ ಬಳಸುತ್ತಿದ್ದವರು ಕೈಕಟ್ಟಿ ಕೂರಬೇಕಾಗಲಿಲ್ಲ. ತಮ್ಮ ತಮ್ಮ ತಾಣಗಳಲ್ಲಿ ತೊಂದರೆ ಕೊಟ್ಟ ಸಾಲುಗಳನ್ನು ಅವರೇ ತಿದ್ದಿಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದ ‘ವೈರ್ಡ್’ ಪತ್ರಿಕೆಯ ಜಾಲತಾಣ ‘ಹಾಟ್‌ವೈರ್ಡ್’ ನೋಡಿಕೊಳ್ಳುತ್ತಿದ್ದ ಬ್ರಯನ್ ಬೆಲೆನ್‌ಡಾರ್ಫ್ ಅವರಿಗೆ ಸಾವಿರಾರು ಓದುಗರ ಹೆಸರು ಮತ್ತು ಗುಪ್ತಪದಗಳನ್ನು ಪರೀಕ್ಷಿಸಿ ಒಳಬಿಡುವ ವ್ಯವಸ್ಥೆ ಬೇಕಿತ್ತು. ಅದಕ್ಕೆ ಬೇಕಾದ ತಿದ್ದುಪಡಿಯನ್ನು ತಾವೇ ಬರೆದುಕೊಂಡರು. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಸಿನಿಮಾ ಮಾಹಿತಿಕೋಶವೊಂದನ್ನು ಅಂತರಜಾಲಕ್ಕೆ ತಂದ ರಾಬ್ ಹಾರ್ಟಿಲ್ ಅವರೂ ಇದೇ ದಾರಿ ಹಿಡಿದವರು. ಹೀಗೆ ಊರಿಗೊಬ್ಬರು ಬರೆದ ತಿದ್ದುಪಡಿಗಳಿಗೆ ಇಂಗ್ಲಿಷಿನಲ್ಲಿ ‘ಪ್ಯಾಚ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ತೇಪೆ.

ಸಮಸ್ಯೆ ಹುಟ್ಟಿದ್ದು ಇಲ್ಲೇ. ತೇಪೆಗಳು ಬೇಕಾದಷ್ಟಿದ್ದವು, ಬಟ್ಟೆ ಮಾತ್ರ ಒಬ್ಬೊಬ್ಬರ ಬಳಿ ಒಂದೊಂದು ಬಗೆಯಾಯಿತು. ಒಬ್ಬರ ತೇಪೆ ಇನ್ನೊಬ್ಬರ ತೇಪೆಯ ಮೇಲೆ ಕೂರುತ್ತಿರಲಿಲ್ಲ. ಹೊಸದಾಗಿ ಜಾಲತಾಣ ತೆರೆಯುವವರು ಯಾವುದನ್ನು ತಂದುಕೊಳ್ಳಬೇಕು ಎಂದು ಹೇಳುವವರೂ ಇರಲಿಲ್ಲ. ಎಲ್ಲರೂ ‘ಇದೇ ಸರಿಯಾದದ್ದು’ ಎಂದು ಒಪ್ಪುವ ಒಂದು ಪ್ರತಿ ಬೇಕಿತ್ತು. ಹಸ್ತಪ್ರತಿಗಳಿಂದ ಕಾವ್ಯ ಸಂಪಾದಿಸುವವರು ಪಾಠಾಂತರಗಳ ಮುಂದೆ ಕೂತು ಪಡುವ ಪಾಡನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು.

1995ರ ಫೆಬ್ರುವರಿಯ ಕೊನೆಯಲ್ಲಿ ಬೆಲೆನ್‌ಡಾರ್ಫ್ ಮತ್ತು ಕ್ಲಿಫ್ ಸ್ಕೋಲ್ನಿಕ್ ಸೇರಿ ಇಂಥವರನ್ನೆಲ್ಲ ಇ-ಮೇಲ್ ಮೂಲಕ ಒಂದುಗೂಡಿಸಿದರು. ಕ್ಯಾಲಿಫೋರ್ನಿಯದ ಒಂದು ಯಂತ್ರದಲ್ಲಿ ಎಲ್ಲರಿಗೂ ಜಾಗ ಕೊಡಲಾಯಿತು. ಮೂಲ ಗುಂಪಿನಲ್ಲಿ ಇದ್ದವರು ಎಂಟು ಜನ. ಅಂತರಜಾಲದ ಯಂತ್ರಗಳು ಪುಟಗಳನ್ನು ಕೇಳುವ ಮತ್ತು ಕೊಡುವ ರೀತಿನೀತಿಯನ್ನೇ ಬರೆದವರಲ್ಲಿ ಒಬ್ಬರಾದ ರಾಯ್ ಫೀಲ್ಡಿಂಗ್, ಮ್ಯಾಸಚೂಸೆಟ್ಸ್‌ನ ಎಂಐಟಿಯಲ್ಲಿದ್ದ ರಾಬರ್ಟ್ ಥಾವ್ ಈ ಎಂಟು ಮಂದಿಯಲ್ಲಿ ಸೇರಿದ್ದರು. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಚದುರಿಹೋಗಿದ್ದ ಈ ಜನರಿಗೆ ಒಬ್ಬ ಯಜಮಾನನಿರಲಿಲ್ಲ, ಈ ಕೆಲಸಕ್ಕೆಂದು ಸಂಬಳವೂ ಇರಲಿಲ್ಲ. ಇಲಿನಾಯ್ ಕೇಂದ್ರದ 1.3ನೇ ಆವೃತ್ತಿಯನ್ನು ಹಾಸಿ, ಕೈಗೆ ಸಿಕ್ಕ ಒಳ್ಳೆಯ ತೇಪೆಗಳನ್ನೆಲ್ಲ ಅದರ ಮೇಲೆ ಹೊಲಿದು, ಪರೀಕ್ಷಿಸಿ, ಅದೇ ವರ್ಷದ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಸಾರ್ವಜನಿಕರಿಗೆ ಬಿಟ್ಟರು. ಅದಕ್ಕೆ ಕೊಟ್ಟ ಸಂಖ್ಯೆ 0.6.2. ಹೆಸರು ಅಪಾಚೆ.

ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆ, ಧೋತರದ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಯನ್ನು ನೆನೆದರೆ ಈ ಹೆಸರಿನ ಶ್ಲೇಷೆ ತಿಳಿಯುತ್ತದೆ. ‘ಎ ಪ್ಯಾಚಿ’ ಎಂದರೆ ಇಂಗ್ಲಿಷಿನಲ್ಲಿ ತೇಪೆ ತೇಪೆಯಾದದ್ದು. ಗುಂಪಿನ ಹಳೆಯ ಪ್ರಶ್ನೋತ್ತರಗಳಲ್ಲಿ ಈ ವಿವರಣೆಯೇ ಇತ್ತು. ಬೆಲೆನ್‌ಡಾರ್ಫ್ ಮಾತ್ರ ಮುಂದೆ ಬೇರೆಯ ಕಥೆ ಹೇಳಿದರು. ಬಿಳಿಯರ ಸೈನ್ಯವನ್ನು ಕೊನೆಯವರೆಗೂ ಎದುರಿಸಿದ ಅಮೆರಿಕದ ಅಪಾಚೆ ಬುಡಕಟ್ಟಿನ ಮೇಲಿನ ಗೌರವದಿಂದ ಆ ಹೆಸರು ಹೊಳೆಯಿತು, ಶ್ಲೇಷೆ ಆಮೇಲೆ ಕೂಡಿಕೊಂಡಿತು ಎಂಬುದು ಅವರ ಮಾತು. ಗೌರವವಿದ್ದರೂ ಆ ಜನರನ್ನು ಕೇಳಿದವರಾರು ಎಂಬ ಪ್ರಶ್ನೆ ಬರಲು ಬಹಳ ವರ್ಷಗಳೇ ಹಿಡಿದವು. 2023ರ ಜನವರಿಯಲ್ಲಿ ಅಮೆರಿಕದ ಮೂಲನಿವಾಸಿ ತಂತ್ರಜ್ಞರ ಸಂಘಟನೆಯೊಂದು ಈ ಹೆಸರನ್ನು ಕೈಬಿಡುವಂತೆ ಬಹಿರಂಗವಾಗಿ ಕೋರಿತು. ಕೋರಿಕೆ ನ್ಯಾಯವಾದದ್ದೇ.

ಹೆಸರಿನ ವಿಷಯ ಬಂದಾಗ ಇನ್ನೊಂದನ್ನು ಹೇಳದೆ ಬಿಡುವಂತಿಲ್ಲ. ತೇಪೆ ಹಚ್ಚಿದ್ದು ಬಹಳ ದಿನ ಬಾಳದು ಎಂದು ಕಂಡುಕೊಂಡ ಥಾವ್ ಒಳಗಿನ ರಚನೆಯನ್ನೇ ಹೊಸದಾಗಿ ಕಟ್ಟಿದರು. ಆ ಹೊಸ ರಚನೆಗೆ ಅವರಿಟ್ಟ ಗುಪ್ತನಾಮ ‘ಶಂಭಲ’! ಕಲ್ಕಿ ಅವತರಿಸುವ ಊರೆಂದು ನಮ್ಮ ಪುರಾಣಗಳು ಹೇಳುವ, ಟಿಬೆಟ್ಟಿನ ಬೌದ್ಧರು ಹಿಮಗಿರಿಗಳ ನಡುವೆ ಅಡಗಿದ ರಾಜ್ಯವೆಂದು ನಂಬುವ ಅದೇ ಶಂಭಲ. ಈ ಶಂಭಲದಲ್ಲಿ ಮೂರು ಜಾಣ ಉಪಾಯಗಳಿದ್ದವು. ಹೊಸ ಸೌಲಭ್ಯ ಬೇಕಾದವರು ಇಡೀ ತಂತ್ರಾಂಶವನ್ನು ಕೆದಕದೆ ತಮ್ಮ ಭಾಗವನ್ನು ಪ್ರತ್ಯೇಕವಾಗಿ ಬರೆದು ಜೋಡಿಸಬಹುದಿತ್ತು. ಎರಡನೆಯದು, ಮಾಣಿಗಳ ಏರ್ಪಾಡು. ಗಿರಾಕಿ ಬಂದ ಮೇಲೆ ಮಾಣಿಯನ್ನು ಹುಡುಕಿಸಿ ಕರೆಸುವ ಬದಲು ಮೊದಲೇ ನಾಲ್ಕಾರು ಜನರನ್ನು ನಿಲ್ಲಿಸಿಕೊಂಡು, ಜನಸಂದಣಿ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳುವುದು. ಮೂರನೆಯದು ಊಟದ ಎಲೆಯಂಥದು. ಪ್ರತಿ ಕೋರಿಕೆಗೂ ಒಂದು ಎಲೆ ಹಾಕಿ, ಅದಕ್ಕೆ ಬೇಕಾದದ್ದನ್ನೆಲ್ಲ ಅದರ ಮೇಲೇ ಬಡಿಸಿ, ಊಟ ಮುಗಿದೊಡನೆ ಎಲೆಯನ್ನು ಮಡಚಿ ಒಟ್ಟಿಗೆ ಎತ್ತಿಬಿಡುವುದು. ಪಾತ್ರೆಗಳನ್ನು ಒಂದೊಂದಾಗಿ ಲೆಕ್ಕವಿಟ್ಟು ತೊಳೆಯುವ ಕಾಟ ತಪ್ಪಿತು. ತೊಳೆಯಲು ಮರೆತ ಪಾತ್ರೆಗಳು ರಾಶಿಬಿದ್ದು ಕಂಪ್ಯೂಟರಿನ ನೆನಪಿನ ಜಾಗ ತುಂಬಿಹೋಗುವ ಭಯವೂ ಕಡಿಮೆಯಾಯಿತು.

ಈ ಹೊಸ ರಚನೆಯ ಮೇಲೆ 1995ರ ಆಗಸ್ಟ್‌ನಲ್ಲಿ 0.8.8 ಹೊರಬಂತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರಜಾಲದ ಬಾಗಿಲು ತೆರೆದದ್ದೂ ಅದೇ ತಿಂಗಳ 15ರಂದು. ಡಿಸೆಂಬರ್ 1ರಂದು ಅಪಾಚೆ 1.0 ಬಿಡುಗಡೆಯಾಯಿತು. ಮರುವರ್ಷ ಏಪ್ರಿಲ್‌ಗೆ ಅಂತರಜಾಲದಲ್ಲಿ ಅತಿ ಹೆಚ್ಚು ತಾಣಗಳು ಬಳಸುವ ಸರ್ವರ್ ಅದೇ ಆಗಿತ್ತು. 2009ರಲ್ಲಿ ಹತ್ತು ಕೋಟಿ ಜಾಲತಾಣಗಳ ಗಡಿ ದಾಟಿದ ಮೊದಲ ಸರ್ವರ್ ಎನಿಸಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪುಟಗಳನ್ನು ಸಿದ್ಧಪಡಿಸುವುದಕ್ಕೂ ಅಪಾಚೆ ಬಳಕೆಯಾಗಿದೆ. ರಷ್ಯದ ಇಗೊರ್ ಸಿಸೋಯೆವ್ 2004ರಲ್ಲಿ ಹೊರತಂದ ‘ಎಂಜಿನ್‌ಎಕ್ಸ್’ 2019ರ ಹೊತ್ತಿಗೆ ಎಣಿಕೆಯಲ್ಲಿ ಅದನ್ನು ಹಿಂದೆ ಹಾಕಿತು. ಅದು ಬೇರೆಯೇ ಕಥೆ.

ಇಷ್ಟು ದೊಡ್ಡ ಭಾರ ಹೊತ್ತ ತಂತ್ರಾಂಶದ ಹೊಸ ಆವೃತ್ತಿ ಹೊರಡಿಸಲು ಅಪ್ಪಣೆ ಕೊಡುವವರು ಯಾರು? ಕಂಪೆನಿಯಾದರೆ ಮೇಲಧಿಕಾರಿ ಇರುತ್ತಾನೆ, ಮಾರಾಟ ವಿಭಾಗ ನಿಗದಿ ಮಾಡಿದ ದಿನಾಂಕ ಇರುತ್ತದೆ. ಅಪಾಚೆಯಲ್ಲಿ ಎರಡೂ ಇಲ್ಲ. ಗುಂಪು ಮೊದಮೊದಲಲ್ಲೇ ಇದಕ್ಕೊಂದು ದಾರಿ ಕಂಡುಕೊಂಡಿತು. ಒಪ್ಪಿಗೆ ಇದ್ದವರು ಇ-ಮೇಲಿನಲ್ಲಿ ‘ಪ್ಲಸ್ ಒಂದು’ ಎಂದು ಬರೆಯುವುದು, ಒಪ್ಪದವರು ‘ಮೈನಸ್ ಒಂದು’ ಎನ್ನುವುದು, ಯಾವುದಾದರೂ ಸರಿ ಎನ್ನುವವರು ‘ಸೊನ್ನೆ’ ಹಾಕುವುದು. ಬೇರೆ ಬೇರೆ ಖಂಡಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಏಳುವ ಮಲಗುವ ಜನ ಒಂದೆಡೆ ಸೇರಿ ಕೈ ಎತ್ತುವುದು ಸಾಧ್ಯವಿರಲಿಲ್ಲವಾದ್ದರಿಂದ ಹುಟ್ಟಿದ ಪದ್ಧತಿ ಇದು.

ಅದು ಈಗಲೂ ನಡೆದುಬಂದಿದೆ. ಹೊಸ ಆವೃತ್ತಿ ತರುವ ಕಾಲ ಬಂತು ಎನಿಸಿದಾಗ ಗುಂಪಿನವರೊಬ್ಬರು ತಾವಾಗಿ ಆ ಹೊಣೆ ಹೊರುತ್ತಾರೆ. ಅಲ್ಲಿಯವರೆಗೆ ಒಪ್ಪಿತವಾದ ತಿದ್ದುಪಡಿಗಳೆಲ್ಲ ಸೇರಿದ ಮೂಲ ಬರಹವನ್ನು ಒಂದು ಗಂಟು ಕಟ್ಟಿ, ಅದಕ್ಕೊಂದು ಸಂಖ್ಯೆ ಕೊಟ್ಟು, ಪರೀಕ್ಷಿಸಿ ಎಂದು ಎಲ್ಲರ ಮುಂದಿಡುತ್ತಾರೆ. ಸಾಮಾನ್ಯವಾಗಿ 72 ಗಂಟೆಗಳ ಕಾಲಾವಕಾಶ. ಭೂಮಿಯ ಯಾವ ಮೂಲೆಯಲ್ಲಿರುವವರಿಗೂ, ವಾರದ ರಜೆಯಲ್ಲಿ ಊರಿಗೆ ಹೋದವರಿಗೂ ನೋಡಲು ಸಮಯ ಸಿಗಲಿ ಎಂಬುದು ಇದರ ಉದ್ದೇಶ. ಮತ ಹಾಕುವವರು ಗಂಟನ್ನು ತಮ್ಮ ಸ್ವಂತ ಯಂತ್ರಕ್ಕೆ ಇಳಿಸಿಕೊಂಡು, ಬಿಚ್ಚಿ, ಕಟ್ಟಿ, ಓಡಿಸಿ ನೋಡಿರಬೇಕು. ಸುಮ್ಮನೆ ‘ಆಗಲಿ’ ಎಂದರೆ ಸಾಲದು. ಸಮಿತಿಯ ಕನಿಷ್ಠ ಮೂವರು ‘ಪ್ಲಸ್ ಒಂದು’ ಎನ್ನಬೇಕು, ಒಪ್ಪದವರಿಗಿಂತ ಒಪ್ಪಿದವರು ಹೆಚ್ಚಿರಬೇಕು. ಆಗ ಮಾತ್ರ ಬಿಡುಗಡೆ.

ಇಲ್ಲೊಂದು ಸೂಕ್ಷ್ಮವಿದೆ. ತಂತ್ರಾಂಶದ ಒಂದು ಸಾಲನ್ನು ಬದಲಾಯಿಸುವಾಗ ಗುಂಪಿನ ಒಬ್ಬರೇ ಒಬ್ಬರು ತಾಂತ್ರಿಕ ಕಾರಣ ಕೊಟ್ಟು ‘ಕೂಡದು’ ಎಂದರೂ ಆ ಬದಲಾವಣೆ ನಿಲ್ಲುತ್ತದೆ. ಇಡೀ ಆವೃತ್ತಿಯ ಬಿಡುಗಡೆಯನ್ನು ಹಾಗೆ ಒಬ್ಬರೇ ತಡೆಯುವಂತಿಲ್ಲ, ಅಲ್ಲಿ ಬಹುಮತವೇ ಕೊನೆ. ಪರಿಪೂರ್ಣವಾದದ್ದು ಯಾವತ್ತೂ ಸಿದ್ಧವಾಗುವುದಿಲ್ಲ, ಯಾರಿಗಾದರೂ ಏನಾದರೂ ಕೊರತೆ ಕಾಣುತ್ತಲೇ ಇರುತ್ತದೆ ಎಂಬುದನ್ನು ಈ ಜನ ಬೇಗ ಅರಿತರು. ಒಬ್ಬೊಬ್ಬರ ಸಂದೇಹಕ್ಕೂ ಕಾದು ಕೂತಿದ್ದರೆ 1.0 ಕೂಡ ಹೊರಬರುತ್ತಿತ್ತೋ ಇಲ್ಲವೋ.

ಪರೀಕ್ಷೆಯಲ್ಲಿ ಬಿದ್ದ ಗಂಟಿನ ಗತಿಯೂ ಕುತೂಹಲಕರ. ಹಿಂದೆ ಅದನ್ನು ತಿದ್ದಿ ಅದೇ ಸಂಖ್ಯೆಯಲ್ಲಿ ಮತ್ತೆ ಇಡುವ ಪದ್ಧತಿ ಇರಲಿಲ್ಲ. ಆ ಸಂಖ್ಯೆಯನ್ನು ಬಿಟ್ಟುಬಿಟ್ಟು ಮುಂದಿನದನ್ನು ಹಿಡಿಯುತ್ತಿದ್ದರು. ಅದಕ್ಕೇ ಅಪಾಚೆಯ ಬಿಡುಗಡೆಗಳ ಪಟ್ಟಿ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. 2.4.20 ಆದ ಮೇಲೆ ಬಂದದ್ದು 2.4.23, ಅದರ ನಂತರ 2.4.25. ನಡುವಿನವು ಮತದಾನ ದಾಟದೆ ಉಳಿದವು. ಒಂದೇ ಸಂಖ್ಯೆಯ ಎರಡು ಬೇರೆ ಬೇರೆ ಗಂಟುಗಳು ಲೋಕದಲ್ಲಿ ಓಡಾಡಿದರೆ ಯಾರ ಕೈಯಲ್ಲಿ ಯಾವುದಿದೆ ಎಂದು ಗೊತ್ತಾಗುವುದು ಹೇಗೆ? ಸಂಖ್ಯೆಗಳಿಗೇನು ಬರವಿಲ್ಲ.

ಒಪ್ಪಿಗೆ ಸಿಕ್ಕ ಗಂಟಿಗೆ ಎರಡು ಗುರುತುಗಳು ಜೊತೆಯಾಗುತ್ತವೆ. ಒಂದು, ಇಡೀ ಬರಹದಿಂದ ಗಣಿತದ ಮೂಲಕ ಪಡೆದ ಒಂದು ಉದ್ದನೆಯ ತಾಳೆ ಸಂಖ್ಯೆ. ಲಕ್ಷಾಂತರ ಸಾಲುಗಳಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಸಂಖ್ಯೆ ಗುರುತು ಸಿಗದಂತೆ ಬದಲಾಗುತ್ತದೆ. ಇನ್ನೊಂದು, ಹೊಣೆ ಹೊತ್ತವರ ಗಣಕ ಸಹಿ. ಅವರ ಬಳಿ ಮಾತ್ರ ಇರುವ ಗುಪ್ತ ಕೀಲಿಯಿಂದ ಹಾಕಿದ ಈ ಸಹಿಯನ್ನು, ಎಲ್ಲರಿಗೂ ಕೊಟ್ಟಿರುವ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಆ ಬಹಿರಂಗ ಕೀಲಿ ನಿಜವಾಗಿಯೂ ಆ ವ್ಯಕ್ತಿಯದೇ ಎಂದು ಖಾತ್ರಿ ಏನು? ಅದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಅಪಾಚೆಯವರು ವಾರ್ಷಿಕ ಸಮ್ಮೇಳನಗಳಲ್ಲಿ ಎದುರುಬದುರು ನಿಂತು, ಪಾಸ್‌ಪೋರ್ಟಿನಂಥ ಗುರುತಿನ ಪತ್ರ ತೋರಿಸಿಕೊಂಡು, ಒಬ್ಬರ ಕೀಲಿಗೆ ಇನ್ನೊಬ್ಬರು ಸಾಕ್ಷಿ ಸಹಿ ಹಾಕುತ್ತಾ ಬಂದಿದ್ದಾರೆ. ಕ್ರಯಪತ್ರಕ್ಕೆ ಊರಿನ ಇಬ್ಬರು ಸಾಕ್ಷಿ ಹಾಕಿದಂತೆಯೇ ಸರಿ.

ಇದೆಲ್ಲ ಅತಿಯಾಯಿತು ಎನಿಸಿದವರಿಗೆ 2001ರ ಮೇ ತಿಂಗಳ ಘಟನೆಯೊಂದಿದೆ. ಅಪಾಚೆಯ ಮೂಲ ಬರಹಗಳಿದ್ದ ಯಂತ್ರಕ್ಕೇ ಕಳ್ಳರು ನುಗ್ಗಿದರು. ಸದಸ್ಯರೊಬ್ಬರು ಬೇರೆ ಕಡೆಯ, ಆಗಲೇ ಕಳ್ಳರ ವಶವಾಗಿದ್ದ ಯಂತ್ರದಿಂದ ಇಲ್ಲಿಗೆ ಪ್ರವೇಶ ಮಾಡಿದಾಗ ಅವರ ಗುಪ್ತಪದ ಕದಿಯಲಾಗಿತ್ತು. ವಿಷಯ ಬೇಗನೆ ಬೆಳಕಿಗೆ ಬಂತು, ಯಂತ್ರವನ್ನು ಜಾಲದಿಂದ ಬೇರ್ಪಡಿಸಲಾಯಿತು. ಆದರೆ ನಿಜವಾದ ಚಿಂತೆ ಬೇರೆಯದು. ಅಲ್ಲಿದ್ದ ಗಂಟುಗಳಲ್ಲಿ ಕಳ್ಳರು ಸದ್ದಿಲ್ಲದೆ ಒಂದೆರಡು ಸಾಲು ಸೇರಿಸಿ ಹೋಗಿದ್ದರೆ? ಜಗತ್ತಿನ ಅರ್ಧಕ್ಕೂ ಹೆಚ್ಚು ಜಾಲತಾಣಗಳಿಗೆ ಹಿಂಬಾಗಿಲು ಇಟ್ಟಂತೆ! ಬೇರೆಡೆ ಇದ್ದ ಪ್ರತಿಗಳೊಂದಿಗೆ ಮೂಲ ಬರಹವನ್ನೆಲ್ಲ ಹೋಲಿಸಿ ನೋಡಿದರು. ಯಾವುದೂ ಬದಲಾಗಿರಲಿಲ್ಲ. ನಡೆದುದನ್ನೆಲ್ಲ ಅದೇ ತಿಂಗಳ ಕೊನೆಗೆ ಅವರೇ ಬಹಿರಂಗವಾಗಿ ಹೇಳಿಕೊಂಡರು.

ಮೂವರ ಒಪ್ಪಿಗೆಗೆ ಕಾನೂನಿನ ಮುಖವೂ ಇದೆ. 1998ರಲ್ಲಿ ಐಬಿಎಂ ಕಂಪೆನಿ ತನ್ನ ಸರಕಿನಲ್ಲಿ ಅಪಾಚೆಯನ್ನು ಸೇರಿಸಿಕೊಳ್ಳಲು ಬಂದಾಗ ಅದರ ವಕೀಲರಿಗೆ ಪೇಚಾಟವಾಯಿತು. ಒಪ್ಪಂದ ಮಾಡಿಕೊಳ್ಳೋಣವೆಂದರೆ ಎದುರಿಗೆ ಕಂಪೆನಿಯಿಲ್ಲ, ಸಂಘವಿಲ್ಲ, ಇರುವುದೊಂದು ಜಾಲತಾಣ. 1999ರಲ್ಲಿ ಡೆಲವೇರ್ ರಾಜ್ಯದಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ನೋಂದಣಿಯಾಗಲು ಇಂಥ ಒತ್ತಡಗಳೂ ಕಾರಣ. ಸಮಿತಿ ಮತ ಹಾಕಿ ಬಿಟ್ಟ ಆವೃತ್ತಿ ಪ್ರತಿಷ್ಠಾನದ ಕೆಲಸವೆನಿಸುತ್ತದೆ. ನಾಳೆ ಯಾರಾದರೂ ನಷ್ಟವಾಯಿತೆಂದು ಕೋರ್ಟಿಗೆ ಹೋದರೆ ಸಹಿ ಹಾಕಿದ ಸ್ವಯಂಸೇವಕರ ಮನೆಮಠ ಹರಾಜಿಗೆ ಬರುವಂತಿಲ್ಲ. ಮತವಿಲ್ಲದೆ ಒಬ್ಬರೇ ಹೊರಗೆ ಬಿಟ್ಟರೆ ಈ ರಕ್ಷಣೆ ಇರದು.

ಇಷ್ಟೆಲ್ಲ ಕಟ್ಟುನಿಟ್ಟು ನಿಧಾನಕ್ಕೆ ದಾರಿ. ಜಗತ್ತು ಯಾವಾಗಲೂ ಕಾಯುವುದಿಲ್ಲ. 2002ರ ಜೂನ್ 17ರಂದು ಸುರಕ್ಷತಾ ಕಂಪೆನಿಯೊಂದು ಅಪಾಚೆಯಲ್ಲಿ ಗಂಭೀರ ದೋಷವಿದೆ ಎಂದು ಜಗತ್ತಿಗೆ ಸಾರಿಬಿಟ್ಟಿತು. ಅದೇ ದೋಷ ಇನ್ನೊಬ್ಬ ಸಂಶೋಧಕರಿಂದ ಅಪಾಚೆ ಗುಂಪಿಗೆ ಮೊದಲೇ ತಿಳಿದು ಒಳಗೊಳಗೇ ಚಿಕಿತ್ಸೆ ನಡೆಯುತ್ತಿತ್ತು. ಕಂಪೆನಿ ಜೊತೆಗೆ ಕೊಟ್ಟ ತೇಪೆ ತೂತನ್ನು ಪೂರ್ತಿ ಮುಚ್ಚುವಂಥದೂ ಆಗಿರಲಿಲ್ಲ. ಬೇರೆ ದಾರಿಯಿಲ್ಲದೆ ಮರುದಿನವೇ 1.3.26 ಮತ್ತು 2.0.39 ಹೊರಬಂದವು. ದೋಷ ಕಂಡವರು ಅದನ್ನು ಎಷ್ಟು ದಿನ ಗುಟ್ಟಾಗಿಡಬೇಕು ಎಂಬ ಜಗಳ ತಂತ್ರಾಂಶದ ಲೋಕದಲ್ಲಿ ಇನ್ನೂ ಮುಗಿದಿಲ್ಲ. ಬೇಗ ಹೇಳಿದರೆ ಕಳ್ಳರಿಗೆ ಸುಳಿವು, ತಡಮಾಡಿದರೆ ಆಗಲೇ ಸುಳಿವು ಹಿಡಿದ ಕಳ್ಳರಿಗೆ ಬಿಡುವು.

ಆದರೂ 2021ರ ಶರತ್ಕಾಲದಲ್ಲಿ ನಡೆದದ್ದರ ಮುಂದೆ ಇದು ಸಣ್ಣದು. ಆ ವರ್ಷ ಸೆಪ್ಟೆಂಬರ್ ನಡುವಿನಲ್ಲಿ 2.4.49 ಬಿಡುಗಡೆಯಾಯಿತು. ಹಿಂದಿನ ಆವೃತ್ತಿಯ ಹಲವು ತೂತುಗಳನ್ನು ಅದು ಮುಚ್ಚಿತ್ತು, ಹಾಗಾಗಿ ತಡಮಾಡದೆ ಹಾಕಿಕೊಳ್ಳಬೇಕಾದದ್ದೇ ಆಗಿತ್ತು. ಅದರಲ್ಲಿ ಇನ್ನೂ ಒಂದು ಬದಲಾವಣೆ ಸೇರಿತ್ತು. ಗಿರಾಕಿ ಕೇಳಿದ ವಿಳಾಸವನ್ನು ಶುದ್ಧಮಾಡಿ ಓದುವ ಭಾಗವನ್ನು ಹೊಸದಾಗಿ ಬರೆಯಲಾಗಿತ್ತು.

ಕಂಪ್ಯೂಟರಿನ ಕಡತಗಳ ಲೋಕದಲ್ಲಿ ಒತ್ತೊತ್ತಾಗಿ ಎರಡು ಚುಕ್ಕೆ ಇಟ್ಟರೆ ‘ಒಂದು ಮೆಟ್ಟಿಲು ಮೇಲಕ್ಕೆ ಹೋಗು’ ಎಂದರ್ಥ. ಜಾಲತಾಣದ ಕೋಣೆಯಿಂದ ಹೀಗೆ ಮೇಲೆ ಮೇಲೆ ಹತ್ತಿದರೆ ಇಡೀ ಯಂತ್ರದ ಹಜಾರಕ್ಕೇ ಬಂದು ನಿಲ್ಲಬಹುದು. ಅಲ್ಲಿಂದ ಬೇರೆ ಯಾವ ಕೋಣೆಯೂ ದೂರವಿಲ್ಲ. ಆದ್ದರಿಂದ ವಿಳಾಸದಲ್ಲಿ ಜೋಡಿ ಚುಕ್ಕೆ ಕಂಡರೆ ತಡೆಯುವುದು ಸರ್ವರಿನ ಹಳೆಯ, ಪ್ರಾಥಮಿಕ ಕೆಲಸ. ಚುಕ್ಕೆಯನ್ನು ಚುಕ್ಕೆಯಾಗಿ ಬರೆಯದೆ ಒಂದು ಸಂಕೇತವಾಗಿಯೂ ಬರೆಯಬಹುದು. ಅದು ಮುಸುಕು ಹಾಕಿದ ಚುಕ್ಕೆ. ಹೊಸ ಬರಹದಲ್ಲಿ ಆದ ಎಡವಟ್ಟು ಇಷ್ಟೇ. ಮೊದಲ ಚುಕ್ಕೆ ಬರಿಮುಖದಲ್ಲಿ ಬಂದು ಎರಡನೆಯದು ಮುಸುಕು ಹಾಕಿಕೊಂಡು ಬಂದರೆ ಕಾವಲುಗಾರನಿಗೆ ಅದು ಜೋಡಿ ಎಂದು ಹೊಳೆಯುತ್ತಿರಲಿಲ್ಲ. ಒಳಗೆ ಬಿಟ್ಟ ಮೇಲೆ ಮುಸುಕು ಬೀಳುತ್ತಿತ್ತು, ಜೋಡಿ ಚುಕ್ಕೆ ತನ್ನ ಕೆಲಸ ಮಾಡುತ್ತಿತ್ತು. ತಾಣದ ಹೊರಗಿನ ಕಡತಗಳಿಗೆ ಪ್ರತ್ಯೇಕ ತಡೆ ಹಾಕಿಡದ ಯಂತ್ರಗಳಲ್ಲಿ ಯಾವ ಅಪರಿಚಿತನಾದರೂ ಅವನ್ನು ಓದಬಹುದಿತ್ತು. ಕೆಲವು ಏರ್ಪಾಡುಗಳಲ್ಲಿ ಆ ಯಂತ್ರಕ್ಕೆ ತನ್ನ ಆಜ್ಞೆಗಳನ್ನೂ ಕೊಡಬಹುದಿತ್ತು.

ಈ ಬದಲಾವಣೆಯನ್ನು ಹಲವರು ಓದಿದ್ದರು, ಗಂಟನ್ನು ಪರೀಕ್ಷಿಸಿದ್ದರು, ಮತ ಹಾಕಿದ್ದರು. ಪದ್ಧತಿಯಲ್ಲಿ ಯಾವ ಲೋಪವೂ ಆಗಿರಲಿಲ್ಲ. ಸಹಿ ಸರಿಯಾಗಿತ್ತು, ತಾಳೆ ಸಂಖ್ಯೆ ಸರಿಯಾಗಿತ್ತು. ತಾಳೆ ಸಂಖ್ಯೆ ಹೇಳುವುದು ಗಂಟು ನಡುದಾರಿಯಲ್ಲಿ ಬದಲಾಗಿಲ್ಲ ಎಂದಷ್ಟೆ, ಕಟ್ಟುವಾಗಲೇ ಅದರೊಳಗೆ ತಪ್ಪಿತ್ತೇ ಎಂಬುದನ್ನು ಅದು ಹೇಳಲಾರದು.

ಸೆಪ್ಟೆಂಬರ್ 29ರಂದು ಹೊರಗಿನವರು ದೋಷವನ್ನು ಕಂಡು ಅಪಾಚೆಗೆ ತಿಳಿಸಿದರು. ಅಕ್ಟೋಬರ್ 1ಕ್ಕೆ ತೇಪೆ ಸಿದ್ಧವಾಯಿತು. ಇಲ್ಲೇ ತೆರೆದ ತಂತ್ರಾಂಶದ ಇಕ್ಕಟ್ಟು. ತೇಪೆ ಎಲ್ಲರ ಕಣ್ಣೆದುರೇ ಇರುತ್ತದೆ. ಅದನ್ನು ಓದಬಲ್ಲವರಿಗೆ ತೂತು ಎಲ್ಲಿತ್ತು ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಅಕ್ಟೋಬರ್ 4ರಂದು 2.4.50 ಹೊರಬರುವ ಹೊತ್ತಿಗೆ ಈ ದೋಷದ ದುರ್ಬಳಕೆ ಆಗಲೇ ಆರಂಭವಾಗಿತ್ತು. 2.4.49 ನಡೆಸುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ಯಂತ್ರಗಳು ಅಂತರಜಾಲದಲ್ಲಿ ಕಾಣಸಿಗುತ್ತಿದ್ದವೆಂದು ಆ ದಿನಗಳ ಒಂದು ಎಣಿಕೆ ಹೇಳಿತು. ತಮಾಷೆಯೆಂದರೆ ಇವರೆಲ್ಲ ಶ್ರದ್ಧೆಯುಳ್ಳವರು. ಹೊಸದು ಬಂದೊಡನೆ ಹಾಕಿಕೊಂಡವರು. ಸೋಮಾರಿಯಾಗಿ 2.4.48ರಲ್ಲೇ ಕೂತಿದ್ದವರಿಗೆ ಈ ತೂತಿನ ಬಾಧೆಯೇ ಇರಲಿಲ್ಲ. ಬೇರೆ ತೂತುಗಳ ಬಾಧೆ ಇತ್ತೆನ್ನಿ.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2.4.50 ಮುಸುಕು ಹಾಕಿದ ಚುಕ್ಕೆಯನ್ನು ಗುರುತಿಸುತ್ತಿತ್ತು, ಆದರೆ ಮುಸುಕಿನ ಮೇಲೊಂದು ಮುಸುಕು ಹಾಕಿಕೊಂಡು ಬಂದದ್ದನ್ನು ಗುರುತಿಸಲಿಲ್ಲ. ಸಂಕೇತವನ್ನೇ ಮತ್ತೊಮ್ಮೆ ಸಂಕೇತವಾಗಿ ಬರೆದರೆ ಹಳೆಯ ಆಟ ಹಾಗೆಯೇ ನಡೆಯುತ್ತಿತ್ತು. ಬೇರೆ ಬೇರೆ ಕಡೆಯ ಹಲವರು ಇದನ್ನು ಕಂಡು ತಿಳಿಸಿದರು. ಅಕ್ಟೋಬರ್ 7ರಂದು 2.4.51 ಬಂತು. ಮೂರು ದಿನದಲ್ಲಿ ಎರಡು ಬಿಡುಗಡೆ, ಎರಡೂ ಒಂದೇ ಬಾಗಿಲಿನ ಚಿಲಕಕ್ಕೆ!

ಆತುರದ ಬಿಡುಗಡೆಯಲ್ಲಿ ಗುಂಪಿನ ಮೇಲಿರುವ ಒತ್ತಡ ಹೊರಗಿನವರಿಗೆ ಸುಲಭವಾಗಿ ಅರ್ಥವಾಗದು. ನಿಧಾನವಾಗಿ ನೋಡೋಣವೆಂದರೆ ಆ ಒಂದೊಂದು ಗಂಟೆಯಲ್ಲೂ ಎಲ್ಲೋ ಒಂದು ಆಸ್ಪತ್ರೆಯ, ಬ್ಯಾಂಕಿನ, ಪಂಚಾಯಿತಿ ಕಚೇರಿಯ ಯಂತ್ರದ ಬಾಗಿಲು ತೆರೆದೇ ಇರುತ್ತದೆ. ಬೇಗ ಬಿಡೋಣವೆಂದರೆ 2.4.50ರಂತೆ ಅರ್ಧ ಮುಚ್ಚಿದ ಬಾಗಿಲಾದೀತು. ಸುರಕ್ಷತೆಯ ತುರ್ತಿದ್ದಾಗ 72 ಗಂಟೆಯ ಕಾಯುವಿಕೆಯನ್ನು ಕಡಿಮೆ ಮಾಡಲು ಅವಕಾಶವಿದೆ. ಮೂವರ ಒಪ್ಪಿಗೆಯನ್ನು ಮಾತ್ರ ಬಿಡುವಂತಿಲ್ಲ.

ಬಿಡುಗಡೆಯಾದ ಆವೃತ್ತಿ ಎಲ್ಲರ ಯಂತ್ರವನ್ನು ಮುಟ್ಟುವುದು ಇನ್ನೊಂದು ದೂರದ ಪ್ರಯಾಣ. ಪ್ರತಿಷ್ಠಾನ ಅಧಿಕೃತವಾಗಿ ಕೊಡುವುದು ಮೂಲ ಬರಹವನ್ನು ಮಾತ್ರ. ಡೆಬಿಯನ್, ರೆಡ್ ಹ್ಯಾಟ್‌ನಂಥ ಲಿನಕ್ಸ್ ಹಂಚಿಕೆದಾರರು ಅದನ್ನು ಸಿದ್ಧ ಅಡುಗೆಯಾಗಿ ಮಾಡಿ ತಮ್ಮ ಬಳಕೆದಾರರಿಗೆ ಬಡಿಸುತ್ತಾರೆ. ಎಷ್ಟೋ ಸಲ ಅವರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡು ಹೊಸ ತೇಪೆಯನ್ನಷ್ಟೇ ಹಚ್ಚುವುದರಿಂದ, ಸಂಖ್ಯೆ ನೋಡಿ ಯಂತ್ರದ ಆರೋಗ್ಯ ಹೇಳುವಂತಿಲ್ಲ. ಇನ್ನು ಒಮ್ಮೆ ಹಾಕಿದ್ದನ್ನು ಮುಟ್ಟದೆ ಕೂತವರಿಗೆ ಯಾವ ಬಿಡುಗಡೆಯೂ ತಲುಪದು. 1998ರಲ್ಲಿ ಬಂದ 1.3ರ ಶಾಖೆಗೆ 2010ರ ಫೆಬ್ರುವರಿಯವರೆಗೂ ತಿದ್ದುಪಡಿ ಹೊರಡಿಸಬೇಕಾಯಿತು. 2.0 ಬಂದು ಎಂಟು ವರ್ಷವಾಗಿದ್ದರೂ ಹಳೆಯದನ್ನು ಬಿಡದವರು ಅಷ್ಟಿದ್ದರು. 1.3.42 ಕೊನೆಯದು ಎಂದು ಘೋಷಿಸಿ ಆ ಶಾಖೆಯನ್ನು ಮುಚ್ಚಲಾಯಿತು.

2025ರ ಜುಲೈ 10ರಂದು ಇದೇ ಸಾಲಿನಲ್ಲಿ 2.4.64 ಹೊರಬಂತು. ವಿಳಾಸವೊಂದನ್ನು ಬೇರೆಡೆಗೆ ತಿರುಗಿಸುವ ಮೊದಲು ‘ಹೀಗಿದ್ದರೆ ಮಾತ್ರ’ ಎಂದು ಷರತ್ತು ಹಾಕುವ ಸೌಲಭ್ಯ ಅಪಾಚೆಯಲ್ಲಿದೆ. ಹೊಸ ಆವೃತ್ತಿಯಲ್ಲಿ ಅಂಥ ಷರತ್ತುಗಳ ಒಂದು ಬಗೆಗೆ, ಏನೇ ಕೇಳಿದರೂ ‘ಹೌದು’ ಎಂಬ ಉತ್ತರವೇ ಬರುತ್ತಿತ್ತು. ಮತ್ತೆ ತೇಪೆ, ಮತ್ತೆ ಗಂಟು, ಮತ್ತೆ ಸಹಿ, ಮತ್ತೆ ಮತ. ಹದಿಮೂರು ದಿನಗಳ ಬಳಿಕ, ಜುಲೈ 23ರಂದು, 2.4.65 ಬಿಡುಗಡೆಯಾಯಿತು.